ಹಳದಿ ದೀಪದ ಪಾಠ

ಮಾರ್ಚ್ 3, ಬೆಳಿಗ್ಗೆ 10:30

ಮೂವರ ಪಾಠ ಮುಗಿಯಿತು. ಗುಮಾಸ್ತ ಇವತ್ತೂ ಕ್ಲಚ್ ಮೇಲೆ ಕಾಲಿಟ್ಟು ನಿದ್ದೆ ಮಾಡಿದ. ಕಾಲೇಜು ಹುಡುಗಿ ರಿವರ್ಸ್ ಅಂದರೆ ಕಣ್ಣು ಮುಚ್ಚುತ್ತಾಳೆ. ಇಂಥವರನ್ನು ತಿದ್ದಿ ರಸ್ತೆಗೆ ಬಿಡುವ ಕರ್ಮ ಇಪ್ಪತ್ತೆರಡು ವರ್ಷದಿಂದ ನನ್ನದು.

ಡ್ಯಾಶ್‌ಬೋರ್ಡಿನಲ್ಲಿ, ಟೈರಿನ ಗಾಳಿ ಇಳಿದರೆ ಹತ್ತುವ ಹಳದಿ ದೀಪ ಮತ್ತೆ ಹತ್ತಿತ್ತು. ಟೈರ್ ಅಂಗಡಿಯವನು ಗೇಜ್ ಹಿಡಿದು ನಾಲ್ಕೂ ನೋಡಿದ. ಗಾಳಿ ಸರಿಯಾಗಿದೆ. ಎಡಗಡೆ ಹಿಂದಿನ ಚಕ್ರದ ಸೆನ್ಸರ್ ಕೆಟ್ಟಿದೆಯಂತೆ, ಅದರೊಳಗಿನ ಬ್ಯಾಟರಿ ಮುಗಿಯುತ್ತಾ ಬಂದಿದೆಯಂತೆ, ಅದಕ್ಕೆ ಮನಸ್ಸು ಬಂದಾಗ ದೀಪ ಹತ್ತಿಸುತ್ತದಂತೆ. ಬದಲಾಯಿಸಿ ಸರ್, ನಿಜವಾಗಿ ಗಾಳಿ ಇಳಿದ ದಿನ ನಿಮಗೆ ಗೊತ್ತಾಗುವುದಿಲ್ಲ ಅಂದ. ನೋಡೋಣ ಅಂದೆ.

ಬದಲಾಯಿಸುವುದಿಲ್ಲ. ಎರಡು ತಿಂಗಳ ಹಿಂದೆ ಮೊದಲ ಸಲ ಹತ್ತಿದಾಗ ಗುಮಾಸ್ತ ಓಡಿಸುತ್ತಿದ್ದ. ಮುಖ ಬಿಳಿಚಿಕೊಂಡು, ನಾನೇನಾದರೂ ತಪ್ಪು ಮಾಡಿದೆನಾ ಅಂತ ಕೇಳಿದ. ಹೂಂ ಅಂದುಬಿಟ್ಟೆ. ಅವತ್ತು ಪೂರ್ತಿ ತುಟಿ ಪಿಟಕ್ಕೆನ್ನದೆ ಓಡಿಸಿದ. ಅಲ್ಲಿಂದ ಎಲ್ಲರಿಗೂ ಇದೇ ಪಾಠ — ಒರಟಾಗಿ ಓಡಿಸಿದರೆ ದೀಪ ಹತ್ತುತ್ತದೆ, ಗಾಡಿ ಸುಳ್ಳು ಹೇಳುವುದಿಲ್ಲ. ಬೈದು ಬೈದು ಗಂಟಲು ಒಣಗುವುದು ತಪ್ಪಿತು.

ಮಾರ್ಚ್ 6

ಹೊಸಬಳು. ನರ್ಸು. ನಲವತ್ತು ದಾಟಿದೆ. ಒಂದು ಕ್ಲಿನಿಕ್ಕಿನಲ್ಲಿ ಕೆಲಸ ಸಿಕ್ಕಿದೆಯಂತೆ — ರೋಗಿಗಳ ಮನೆಗೇ ಹೋಗಿ ನೋಡಿಕೊಂಡು ಬರುವುದು. ಕಾರು ಕ್ಲಿನಿಕ್ಕಿನದೇ. ಏಪ್ರಿಲ್ ಹದಿನೈದರೊಳಗೆ ಲೈಸೆನ್ಸ್ ತೋರಿಸಬೇಕು, ಇಲ್ಲದಿದ್ದರೆ ಬೇರೆಯವರಿಗೆ. ಹನ್ನೆರಡು ವರ್ಷ ವಾರ್ಡಿನಲ್ಲಿ ರಾತ್ರಿ ಪಾಳಿ ಮಾಡಿದ್ದಾಳೆ. ಮಗಳು ಮಲಗೋ ಹೊತ್ತಿಗೆ ಒಂದಿನನಾದ್ರೂ ಮನೇಲಿರಬೇಕು ಸರ್, ಅಂದಳು. ನಾನೇನೂ ಕೇಳಿರಲಿಲ್ಲ.

ಕೈ ಗಟ್ಟಿ. ಕಣ್ಣು ಚುರುಕು. ಹೆದರಿಕೆ ಮಾತ್ರ ಜಾಸ್ತಿ.

ಮಾರ್ಚ್ 11

ದೀಪ ಹತ್ತಿತು. ಸ್ಟೀರಿಂಗ್ ಅವಳ ಕೈಯಲ್ಲಿ. ಪಕ್ಕಕ್ಕೆ ನಿಲ್ಲಿಸಿ, ಇಳಿದು, ನಾಲ್ಕೂ ಟೈರ್ ಮುಟ್ಟಿ ನೋಡಿದಳು. ವಾರ್ಡಿನಲ್ಲಿ ರೋಗಿಯ ನಾಡಿ ಹಿಡಿದ ಹಾಗೆ. ಏನು ತಪ್ಪಾಯಿತು ಅಂದಳು. ಹಂಪ್ ಹತ್ತಿಸುವಾಗ ಬ್ರೇಕ್ ತಡವಾಯಿತು ಅಂದೆ. ಬಾಯಿಗೆ ಬಂದದ್ದು.

ಬ್ಯಾಗಿನಿಂದ ನೀಲಿ ನೋಟ್‌ಬುಕ್ ತೆಗೆದಳು. ತಾರೀಕು, ಗಂಟೆ, ತಪ್ಪು — ಎಲ್ಲ ಬರೆದು ನನ್ನ ಮುಂದೆ ಹಿಡಿದಳು. ಸಹಿ ಹಾಕಬೇಕಂತೆ. ವಾರ್ಡಿನಲ್ಲಿ ಮಾಡಿದ್ದು ಬಿಟ್ಟಿದ್ದು ಎರಡನ್ನೂ ಬರೆದು, ಡ್ಯೂಟಿ ಡಾಕ್ಟರ ಸಹಿ ಹಾಕಿಸುವುದು ರೂಢಿಯಂತೆ. ನಗು ತಡೆದುಕೊಂಡು ಹಾಕಿದೆ. ದೊಡ್ಡ ಸಹಿ.

ಮಾರ್ಚ್ 15, ಭಾನುವಾರ

ಹೆಂಡತಿಯನ್ನು ಮಾರ್ಕೆಟ್ಟಿಗೆ ಕರೆದುಕೊಂಡು ಹೊರಟೆ. ಸಿಗ್ನಲ್ ಹತ್ತಿರ ದೀಪ ಹತ್ತಿತು. ಈಗ ಯಾರ ತಪ್ಪು ಅಂತ ಬರ್ಕೋತೀರಿ, ಅಂದಳು. ನರ್ಸಮ್ಮನ ನೋಟ್‌ಬುಕ್ಕಿನ ಕಥೆ ನಾನೇ ಹೇಳಿ ನಕ್ಕಿದ್ದೆ, ಇವಳು ನಕ್ಕಿರಲಿಲ್ಲ. ನನ್ನ ಕೆಲಸದಲ್ಲಿ ಮೂಗು ತೂರಿಸಬೇಡ ಅಂದೆ. ಸೊಪ್ಪನ್ನು ಒಬ್ಬಳೇ ಆರಿಸಿದಳು.

ಮಾರ್ಚ್ 22

ನರ್ಸಮ್ಮ ಇವತ್ತು ಎರಡು ಗಾಡಿಗಳ ನಡುವೆ ಒಂದೇ ಸಲಕ್ಕೆ ಪಾರ್ಕ್ ಮಾಡಿದಳು. ಗುಮಾಸ್ತ ಚಪ್ಪಾಳೆ ತಟ್ಟಿದ. ಹದಿನಾರು ದಿನದ ಶಿಷ್ಯೆ! ಈ ಇಪ್ಪತ್ತೆರಡು ವರ್ಷದಲ್ಲಿ ಇಷ್ಟು ಬೇಗ ಕಲಿತವರು ಇಬ್ಬರೋ ಮೂವರೋ. ಖುಷಿಯಾಗಬೇಕಿತ್ತು. ಹೊಟ್ಟೆ ಉರಿಯಿತು. ಇದ್ದದ್ದು ಇದ್ದ ಹಾಗೆ ಬರೆದಿದ್ದೇನೆ, ಯಾರು ಓದುತ್ತಾರೆ.

ವಾಪಸ್ ಬರುವಾಗ ದೀಪ ಹತ್ತಿತು. ನನ್ನ ಪುಣ್ಯ. ಬಾನೆಟ್ ಮೇಲೆ ಕೈಯಿಟ್ಟು ಗಾಡಿಗೆ ಕ್ಷಮೆ ಕೇಳು ಅಂದೆ, ಉಳಿದಿಬ್ಬರ ಮುಂದೆ. ತಮಾಷೆ ಅಂದುಕೊಳ್ಳುತ್ತಾಳೆ ಅಂದುಕೊಂಡಿದ್ದೆ. ಹೋಗಿ ಕೈಯಿಟ್ಟಳು. ತಪ್ಪಾಯ್ತು ಅಂದಳು. ಕಾಲೇಜು ಹುಡುಗಿ ಕಿಸಕ್ಕೆಂದಳು. ನಾನೂ ನಕ್ಕೆ. ಆಮೇಲೆ ನೋಟ್‌ಬುಕ್ ಬಂತು, ಸಹಿ ಹಾಕಿದೆ. ಹದಿನಾಲ್ಕನೆಯದು. ಕೆಲವು ದಿನ ಎರಡೆರಡು.

ಊಟ ಸೇರಲಿಲ್ಲ. ಗ್ಯಾಸ್ ಇರಬೇಕು.

ಮಾರ್ಚ್ 24, ಮಧ್ಯಾಹ್ನ 3

ಬರೆಯಲು ಮನಸ್ಸಿಲ್ಲ. ಆದರೂ ಬರೆಯಬೇಕು.

ನಾಡಿದ್ದು ಟೆಸ್ಟ್. ಕೊನೆಯ ಪಾಠ. ಹೊರಟ ಕೂಡಲೇ ದೀಪ. ನಿಲ್ಲಿಸಲಾ ಅಂದಳು, ಬೇಡ ಅಂದೆ. ಸ್ವಲ್ಪ ದೂರ ಹೋದ ಮೇಲೆ — ಸರ್, ಹಿಂದೆ ಗಾಡಿ ಅಲ್ಲಾಡ್ತಿದೆ. ಗಾಡಿಯಲ್ಲ, ನಿನ್ನ ಕೈ ಅಲ್ಲಾಡ್ತಿರೋದು ಅಂದೆ. ಇಲ್ಲ ಸರ್, ನಿಜವಾಗ್ಲೂ, ಒಂದು ಸಲ ಇಳಿದು ನೋಡ್ತೀನಿ. ಮೂರನೇ ಗೇರಿಗೆ ಹಾಕು, ಹೆದರಿಕೆ ಬಿಡು ಅಂತ ಗದರಿದೆ. ಹಾಕಿದಳು. ಹೇಳಿದ ಮಾತು ಮೀರಿದವಳೇ ಅಲ್ಲ.

ತಿರುವಿನಲ್ಲಿ ಹಿಂಭಾಗ ಜಾರಿತು. ಎಡಗಡೆ ಹಿಂದಿನ ಟೈರ್ ಪೂರ್ತಿ ಕೂತುಬಿಟ್ಟಿತ್ತು. ನನ್ನ ಕಡೆಯ ಬ್ರೇಕ್ ನಾನು ಒತ್ತುವಷ್ಟರಲ್ಲಿ ಗಾಡಿ ಫುಟ್‌ಪಾತ್ ಹತ್ತಿತ್ತು. ವಾಕಿಂಗ್ ಮಾಡುತ್ತಿದ್ದ ಮುದುಕರೊಬ್ಬರು... ತೊಡೆಯ ಮೂಳೆ ಮುರಿದಿದೆ. ನಾನು ಸೀಟಿನಲ್ಲೇ ಕೂತಿದ್ದೆ. ಅವಳು ಹಾರಿ ಇಳಿದು, ದುಪಟ್ಟಾ ಹರಿದು, ನನ್ನ ಉದ್ದದ ಕೊಡೆಯನ್ನೇ ಆಸರೆಗಿಟ್ಟು ಕಾಲು ಕಟ್ಟಿದಳು. ಅಜ್ಜ, ಅಲ್ಲಾಡಬೇಡಿ, ನಾನಿದ್ದೀನಿ ಅನ್ನುತ್ತಿದ್ದಳು.

ಮಾರ್ಚ್ 25

ಸ್ಟೇಷನ್. ಇನ್ಸ್‌ಪೆಕ್ಟರ್ ಮೊದಲು ನನ್ನ ಕಡೆಗೇ ತಿರುಗಿದ. ಕಲಿಸುವವನ ಕಾಲ ಹತ್ತಿರವೂ ಬ್ರೇಕ್ ಇರುತ್ತಲ್ಲ ಅಂದ.

ನಾನು ಬಾಯಿ ತೆರೆಯುವ ಮೊದಲೇ ಅವಳು ಎದ್ದು ನಿಂತಳು. "ತಪ್ಪು ನಂದೇ ಸಾರ್. ಮೊದಲ್ನೇ ವಾರದಿಂದ ನಾನು ಓಡಿಸಿದ್ರೆ ಆ ದೀಪ ಹತ್ತುತ್ತೆ. ಇವರು ಪ್ರತಿ ಸಲ ಹೇಳಿದ್ದಾರೆ. ಬರ್ದಿಟ್ಟಿದ್ದೀನಿ."

ನೀಲಿ ನೋಟ್‌ಬುಕ್ ಮೇಜಿನ ಮೇಲೆ. ಹದಿನಾಲ್ಕು ತಾರೀಕು, ಹದಿನಾಲ್ಕು ತಪ್ಪು, ಹದಿನಾಲ್ಕು ಸಹಿ. ಇನ್ಸ್‌ಪೆಕ್ಟರ್ ಪುಟ ತಿರುಗಿಸುತ್ತಾ ಹೋದ. ಇಷ್ಟು ಶಿಸ್ತಾಗಿ ಕಲಿಸುವವರನ್ನು ನಾನು ನೋಡಿಯೇ ಇಲ್ಲ ಅಂದ. ನನಗೆ ಟೀ ತರಿಸಿದ. ಕುಡಿದೆ.

ಏಪ್ರಿಲ್ 9

ಹದಿನೈದು ದಿನ ಬರೆಯಲಿಲ್ಲ. ಬರೆಯುವಂಥದ್ದೇನೂ ಇರಲಿಲ್ಲ ಅಂದರೆ ಸುಳ್ಳು.

ಸೆನ್ಸರ್ ಬದಲಾಯಿಸಿದೆ. ಟೈರ್ ಅಂಗಡಿಯವನು ಟೈರಿನಿಂದ ಕಿತ್ತ ಮೊಳೆ ತೋರಿಸಿದ. ಒಂದೂವರೆ ಇಂಚು. ಇದು ಅವತ್ತು ಚುಚ್ಚಿದ್ದಲ್ಲ ಸರ್, ಎರಡು ದಿನದಿಂದ ಗಾಳಿ ಇಳೀತಾ ಇತ್ತು ಅಂದ. ದುಡ್ಡು ಎಣಿಸಿ ಕೊಟ್ಟೆ. ಅವನು ಕೈ ಒರೆಸಿಕೊಂಡು ಒಳಗೆ ಹೋದ.

ನರ್ಸಮ್ಮನ ಟೆಸ್ಟ್ ನಿಂತಿದೆ. ದಿನಾ ಪಾಳಿ ಮುಗಿಸಿಕೊಂಡು ಆ ಮುದುಕರ ಮನೆಗೆ ಹೋಗಿ ಮೈ ಒರೆಸಿ, ಹಾಸಿಗೆ ಬದಲಾಯಿಸಿ ಬರುತ್ತಾಳಂತೆ. ಇದನ್ನು ಹೇಳಿದ್ದು ಕ್ಲಿನಿಕ್ಕಿನ ಡಾಕ್ಟರಮ್ಮ, ಫೋನಿನಲ್ಲಿ. ಒಳ್ಳೆ ಹೆಂಗಸು, ಬಿಡೋಕೆ ಮನಸ್ಸಿಲ್ಲ, ದೋಷ ಗಾಡಿಯದು ಅಂತ ನೀವು ನಾಲ್ಕು ಸಾಲು ಬರೆದುಕೊಟ್ಟರೆ ಇನ್ನೊಂದು ತಿಂಗಳು ಕಾಯ್ತೀನಿ ಅಂದರು. ಹದಿಮೂರರೊಳಗೆ ಬೇಕಂತೆ.

ಬರೆದರೆ ಆ ಕಾಗದ ಸ್ಟೇಷನ್‌ಗೆ ಹೋಗುತ್ತದೆ. ನನ್ನ ಸ್ಕೂಲಿಗೆ ಬೀಗ. ಈ ವಯಸ್ಸಿನಲ್ಲಿ ನಾನು ಬೇರೆ ಏನು ಮಾಡಲಿ?

ಏಪ್ರಿಲ್ 12

ನಾನು ಪಾಠ ಹೇಳುವ ಮೈದಾನಕ್ಕೆ ಅವಳೇ ಬಂದಳು. ಒಂದೇ ಒಂದು ರೌಂಡ್ ಓಡಿಸಲಾ ಸರ್, ಕೈ ಸ್ಟೀರಿಂಗ್ ಮುಟ್ಟೋಕೇ ಹೆದರ್ತಿದೆ ಅಂದಳು. ಕೀಲಿ ಕೊಟ್ಟೆ.

ಮೂರು ರೌಂಡ್ ಹಾಕಿದಳು. ದೀಪ ಹತ್ತಲಿಲ್ಲ. ಹೇಗೆ ಹತ್ತೀತು! ಗಾಡಿ ನಿಲ್ಲಿಸಿ ದೀಪ ಹತ್ತುವ ಜಾಗವನ್ನೇ ದಿಟ್ಟಿಸುತ್ತಾ ಕೂತಳು. ಕಣ್ಣು ತುಂಬಿತ್ತು.

"ನೋಡಿ ಸರ್, ಇವತ್ತು ನಾನೇನೂ ತಪ್ಪು ಮಾಡ್ಲಿಲ್ಲ."

ನೋಟ್‌ಬುಕ್ಕಿನಲ್ಲಿ ಅದನ್ನೂ ಬರೆದಳು. ಸಹಿ ಹಾಕಿದೆ. ಸೆನ್ಸರ್ ಅನ್ನುವ ಪದ ನಾಲಿಗೆಯ ತುದಿಯವರೆಗೆ ಬಂದಿತ್ತು. ಗುಮಾಸ್ತ ಬಂದ. ನುಂಗಿಕೊಂಡೆ.

ಏಪ್ರಿಲ್ 13, ಸಂಜೆ 4:40

ಪತ್ರ ಬರೆದೆ. ನಾಲ್ಕೇ ಸಾಲು. "ಈಕೆಗೆ ವಾಹನದ ಮೇಲೆ ಹಿಡಿತವಿಲ್ಲ. ಪದೇ ಪದೇ ಎಚ್ಚರಿಸಿದರೂ ತಿದ್ದಿಕೊಂಡಿಲ್ಲ. ರೋಗಿಗಳ ಸುರಕ್ಷತೆಯ ದೃಷ್ಟಿಯಿಂದ ಈಕೆಯ ಕೈಗೆ ವಾಹನ ಕೊಡುವುದು ಸೂಕ್ತವಲ್ಲ. ತಮ್ಮ ವಿಶ್ವಾಸಿ." ಸಹಿ. ಸೀಲು. ಗೋಂದು.

ತೆಗೆದುಕೊಂಡು ಹೋಗಲು ಅವಳೇ ಮನೆಗೆ ಬಂದಳು. ಮುಚ್ಚಿದ ಕವರ್ ತರಲು ಡಾಕ್ಟರಮ್ಮ ಹೇಳಿದ್ದರಂತೆ. ಏನ್ ಬರ್ದಿದ್ದೀರಾ ಸರ್ ಅಂತ ಕೇಳಿ, ತಾನೇ ಕೈ ಅಡ್ಡ ಹಿಡಿದಳು. "ಬೇಡ, ಹೇಳ್ಬೇಡಿ. ನೀವು ಇದ್ದದ್ದನ್ನೇ ಬರ್ದಿರ್ತೀರ."

ಮುದುರಬಾರದು ಅಂತ ಕವರನ್ನು ನೀಲಿ ನೋಟ್‌ಬುಕ್ಕಿನೊಳಗಿಟ್ಟು ಬ್ಯಾಗಿಗೆ ಹಾಕಿಕೊಂಡಳು. ಹೆಂಡತಿ ನೀರು ಕೊಟ್ಟಳು. ಕುಡಿದು ಲೋಟ ತಾನೇ ತೊಳೆದಿಟ್ಟಳು.

ಈಗ ಬಾಗಿಲಲ್ಲಿ ಚಪ್ಪಲಿ ಹಾಕಿಕೊಳ್ಳುತ್ತಿದ್ದಾಳೆ. ಪಟ್ಟಿ ಸಿಕ್ಕಿಕೊಂಡಿದೆ, ಬಗ್ಗಿದ್ದಾಳೆ. ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದಾಳೆ. ನಾನು ತಲೆ ಎತ್ತದೆ ಇದನ್ನು ಬರೆಯುತ್ತಿದ್ದೇನೆ. ಹತ್ತು ಹೆಜ್ಜೆ ದೂರ ಅಷ್ಟೆ. ಕವರ್ ಇಲ್ಲಿ ಕೊಡಮ್ಮ, ಒಂದು ಮಾತು ಬಿಟ್ಟುಹೋಗಿದೆ ಅಂದರೂ ಸಾಕು.

ಹೆಂಡತಿ ಕರೆದಳು, ರೀ ಅಂತ. ಎರಡನೇ ಸಲ. ಗೇಟಿನ ಚಿಲಕ ತೆಗೆದ ಸದ್ದು... ಇನ್ನೂ ಹಾಕಿಲ್ಲ. ಈ ಸಾಲು ಮುಗಿಸಿ ಏಳುತ್ತೇನೆ, ಈ ಒಂದು ಸಾಲು ಮುಗಿದ ತಕ್ಷಣ