ಒಂದೂವರೆ ಲೀಟರ್

ವರ್ಕ್‌ಶಾಪಿನ ಮೇಲಿನ ಮನೆ
ಒಂಬತ್ತನೆಯ ತಾರೀಖು, ಗುರುವಾರ ಬೆಳಿಗ್ಗೆ

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಬೆನ್ನು ನೋವು ಹೇಗಿದೆ? ಹತ್ತು ವರ್ಷ ಕಾರುಗಳ ಕೆಳಗೆ ಮಲಗಿ ದುಡಿದಾಗ ಒಂದು ದಿನವೂ ನೋಯದ ಬೆನ್ನು, ವಿಮೆ ಕಚೇರಿಯ ಕುರ್ಚಿಯಲ್ಲಿ ಮೂರು ತಿಂಗಳು ಕೂತದ್ದಕ್ಕೆ ನೋಯುತ್ತಿದೆ ಎಂದು ನೀನೇ ಬರೆದಿದ್ದೆ. ಬೆನ್ನಿಗೆ ಬುದ್ಧಿ ಇದೆ, ಬೆನ್ನಿನ ಯಜಮಾನಿಗೆ ಇಲ್ಲ ಎಂದು ಅಮ್ಮ ತೀರ್ಪು ಕೊಟ್ಟಿದ್ದಾಳೆ. ಅಮ್ಮ ಆರಾಮವಾಗಿದ್ದಾಳೆ. ನಾನು ದಿನಾ ಕಾಲೇಜಿಗೆ ಹೋಗಿ ತರ್ಕಶಾಸ್ತ್ರ ಪಾಠ ಮಾಡಿ, ಮನೆಗೆ ಬಂದು ಅಪ್ಪನ ಎದುರು ಅದನ್ನೆಲ್ಲ ಮರೆತು ಬದುಕಿಕೊಂಡಿದ್ದೇನೆ. ಅಪ್ಪ ಹೇಗಿದ್ದಾರೆ ಎಂದು ಬೇರೆ ಹೇಳುವುದಿಲ್ಲ, ಈ ಕಾಗದದ ತುಂಬ ಅವರೇ ಇದ್ದಾರೆ. ಒಂದು ಕಡೆ ಕೂರಲಾಗದೆ ಮೇಜಿನಿಂದ ಕಿಟಕಿಗೆ, ಕಿಟಕಿಯಿಂದ ಮೇಜಿಗೆ ಓಡಾಡಿಕೊಂಡು ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗಿದ್ದರೆ ನೀನೂ ಸ್ವಲ್ಪ ವಾಲಿಕೊಂಡು ಓದು.

ನಿನ್ನ ಹಿಂದಿನ ಕಾಗದದ ಕೊನೆಯಲ್ಲಿ ಎರಡು ಸಾಲು ಇದ್ದವಲ್ಲ, ‘ಕಾರನ್ನು ಗುಜರಿಯವನಿಗೆ ಕೊಟ್ಟುಬಿಡಿ. ನನ್ನ ಲೆಕ್ಕವೇ ತಪ್ಪಿತ್ತು, ಇನ್ನು ಈ ಜನ್ಮದಲ್ಲಿ ಸ್ಪ್ಯಾನರ್ ಮುಟ್ಟುವುದಿಲ್ಲ’ ಎಂದು? ಅಮ್ಮ ಅದನ್ನು ಓದಿ, ಅಪ್ಪನ ತಟ್ಟೆಯ ಪಕ್ಕದಲ್ಲಿಟ್ಟಳು. ಅಪ್ಪ ಓದಿದರು, ಊಟ ಮಾಡಿದರು, ಕೈ ತೊಳೆದು ಕೆಳಗೆ ಹೋದರು. ಷಟರ್ ಎತ್ತಿದ ಸದ್ದು ಕೇಳಿಸಿತು. ನಾನು ಇಳಿದು ಹೋಗಿ ನೋಡಿದರೆ, ಮೂರು ತಿಂಗಳಿಂದ ಮೂಲೆಯಲ್ಲಿ ಮುಸುಕು ಹೊದ್ದಿದ್ದ, ನೀನೇ ಕೈಯಾರೆ ಜೋಡಿಸಿದ ಹಳದಿ ಕಾರಿನ ಹೊದಿಕೆ ತೆಗೆದು ಮಡಿಚುತ್ತಿದ್ದರು. ‘ಗುಜರಿಗೆ ಹಾಕೋದಿದ್ರೆ ಹಾಕೋಣ. ಯಾಕೆ ಸತ್ತಿತು ಅಂತಾದ್ರೂ ಗೊತ್ತಾಗಬೇಕಲ್ಲ’ ಎಂದರು.

ರೇಸ್ ಟ್ರ್ಯಾಕಿನಲ್ಲಿ ಆ ದಿನ ಆದದ್ದನ್ನು ನಿನಗೆ ನಾನು ಹೇಳಬೇಕಿಲ್ಲ. ಆದರೂ ಹೇಳುತ್ತೇನೆ, ನಿದ್ದೆಯಲ್ಲೂ ಅದೇ ಬರುತ್ತಿದೆ. ಎರಡನೆಯ ಸುತ್ತಿನ ಮೂರನೆಯ ಗೇರಿನಲ್ಲಿ ಎಂಜಿನ್ ಗಂಟಲು ಹರಿಯುವಂತೆ ಕೂಗಿಕೊಂಡಿತು, ಕಾರು ಮಾತ್ರ ಅದನ್ನು ಕೇಳಿಸಿಕೊಳ್ಳದವರ ಹಾಗೆ ತೆವಳಿತು. ಅಷ್ಟು ಜನರೆದುರು ಅಪ್ಪ, ‘ನಾನು ಬಡ್ಕೊಂಡೆ. ಟರ್ಬೊ ಕೂರಿಸಿದ ಎಂಜಿನ್ನಿನ ಜೋರು ಈ ಆಟೋಮ್ಯಾಟಿಕ್ ಗೇರ್‌ಬಾಕ್ಸು ತಡ್ಕೊಳ್ಳಲ್ಲ ಅಂತ. ಎಂಜಿನಿಯರಮ್ಮನಿಗೆ ಮೆಕ್ಯಾನಿಕ್ಕಿನ ಮಾತು ಎಲ್ಲಿ ಹಿಡಿಸುತ್ತೆ’ ಎಂದರು. ನೀನು ಹೆಲ್ಮೆಟ್ ತೆಗೆದು ಬಾನೆಟ್ ಮೇಲಿಟ್ಟು ನಡೆದುಹೋದೆ. ಮರುದಿನ ಊರನ್ನೇ ಬಿಟ್ಟೆ. ಆಗ ನಾನು ಎಲ್ಲಿದ್ದೆ ಎಂದರೆ, ಹುಟ್ಟಿದಾಗಿನಿಂದ ಎಲ್ಲಿದ್ದೇನೋ ಅಲ್ಲೇ, ನ್ಯೂಟ್ರಲ್‌ನಲ್ಲಿ.

ಅಪ್ಪ ಡಬ್ಬಿ ಡಾಕ್ಟರರನ್ನು ಕರೆಸಿದರು. ಹಿಂದಿನ ಬೀದಿಯಲ್ಲಿ ಬರೀ ಆಟೋಮ್ಯಾಟಿಕ್ ಗೇರ್‌ಬಾಕ್ಸು ಬಿಚ್ಚುತ್ತಾರಲ್ಲ, ಅವರನ್ನು. ನಲವತ್ತು ವರ್ಷ ಕೈಯಲ್ಲಿ ಹಾಕುವ ಗೇರುಗಳನ್ನೇ ಬಿಚ್ಚಿ ಕೂಡಿಸಿದ ಅಪ್ಪ ತನ್ನ ಷೆಡ್ಡಿಗೆ ಇನ್ನೊಬ್ಬ ಮೆಕ್ಯಾನಿಕ್ಕನ್ನು ಕರೆಸಿದ್ದು ಇದೇ ಮೊದಲು. ಗೇರು ಎಂದರೆ ಬೀಜ ಮಾತ್ರ ಗೊತ್ತಿರುವ ನಾನು ಸ್ಟೂಲು ಹಾಕಿಕೊಂಡು ಕೂತೆ. ಡಾಕ್ಟರರು ಮೊದಲು ಕಂಪ್ಯೂಟರ್ ಹಚ್ಚಿದರು. ವೈರು, ಸೆನ್ಸರು, ವಾಲ್ವು ಯಾವುದೂ ದೂರು ಹೇಳಲಿಲ್ಲ. ಆಮೇಲೆ ಎಣ್ಣೆಯ ಒತ್ತಡ ನೋಡಲು ಗೇಜು ಕೂರಿಸಿದರು. ಅದೇ ವಾರ ಅಮ್ಮ ಅಪ್ಪನಿಗೂ ಬಿಪಿ ನೋಡಿಸಿದ್ದಳು. ಎರಡರ ವರದಿಯೂ ಒಂದೇ: ಸುಮ್ಮನಿದ್ದಾಗ ಸರಿ ಇದೆ, ಕೆಣಕಿದರೆ ಮುಳ್ಳು ಕುಣಿಯುತ್ತದೆ. ‘ಪಂಪು ಎಣ್ಣೆ ಜೊತೆ ಗಾಳಿ ಕುಡೀತಿದೆ’ ಎಂದರು ಡಾಕ್ಟರರು. ಇಳಿಸಿ ಬಿಚ್ಚಿದರೆ, ಕೆಂಪಗಿರಬೇಕಾದ ಎಣ್ಣೆ ಕಪ್ಪಾಗಿ ಸುಟ್ಟ ವಾಸನೆ ಹೊಡೆಯುತ್ತಿತ್ತು. ಮೂರನೆಯ ಗೇರಿನ ಕ್ಲಚ್ ಪ್ಲೇಟುಗಳನ್ನು ಬೆರಳಲ್ಲಿ ಉಜ್ಜಿದರೆ ಮಸಿ ಉದುರಿತು. ಹಿಡಿತವಿಲ್ಲದೆ ಜಾರಿ ಜಾರಿ ಸುಟ್ಟಿದ್ದವು.

ಡಾಕ್ಟರರು, ನೀನು ಕಾರಿನಲ್ಲೇ ಬಿಟ್ಟುಹೋದ ಲೆಕ್ಕದ ನೋಟ್‌ಬುಕ್ ತೆಗೆದು ಒಂದೊಂದಾಗಿ ಅಳೆದು ನೋಡಿದರು. ಕೊನೆಗೆ ಕನ್ನಡಕ ತೆಗೆದು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆಯುತ್ತೇನೆ: ‘ಲೆಕ್ಕ ಸರಿಯಾಗೇ ಇದೆ ರೀ. ಈ ಎಂಜಿನ್ನಿನ ಎರಡರಷ್ಟು ಜೋರು ತಡೆಯೋ ಪ್ಲೇಟು ಹಾಕಿದಾಳೆ ನಿಮ್ಮ ಮಗಳು. ಇದು ಜೋರಿಗೆ ಸತ್ತಿದ್ದಲ್ಲ, ಎಣ್ಣೆ ಸಾಲದೆ ಸತ್ತಿದ್ದು.’ ನೀನು ಹಾಕಿದ್ದು ಹನ್ನೊಂದು ಲೀಟರ್, ಪೈಪು, ಎಣ್ಣೆ ತಣಿಸುವ ಕೂಲರು ಎಲ್ಲ ಬಸಿದು ಅಳೆದಾಗ ಸಿಕ್ಕಿದ್ದು ಒಂಬತ್ತೂವರೆ. ಅಪ್ಪ ಸೋಲುವವರೇ? ‘ಹಂಗಾದ್ರೆ ಸೀಲು ಸರಿ ಕೂರಿಸಿಲ್ಲ ಅವಳು, ಸೋರಿದೆ’ ಎಂದರು. ಎಲ್ಲ ಸೀಲನ್ನೂ ಪರೀಕ್ಷಿಸಿದರು. ಒಂದು ಹನಿಯೂ ಸೋರಿರಲಿಲ್ಲ. ಆ ಒಂದೂವರೆ ಲೀಟರ್ ಎಲ್ಲಿ ಹೋಯಿತು ಎಂಬುದನ್ನು ಬಿಟ್ಟು ಉಳಿದದ್ದೆಲ್ಲ ರಿಪೇರಿಯಾಯಿತು. ಹೊಸ ಪ್ಲೇಟು ಹಾಕಿದರು, ಕೂಲರ್ ತೊಳೆದರು, ನಿನ್ನ ಪುಸ್ತಕದಂತೆ ಹನ್ನೊಂದು ಲೀಟರ್ ತುಂಬಿದರು. ಮೊನ್ನೆ ಸಂಜೆ ಗಾಡಿ ಓಡಿತು. ಗೇರು ಬದಲಾದದ್ದು ನನಗೆ ಗೊತ್ತೇ ಆಗಲಿಲ್ಲ. ಅಪ್ಪನಿಗೆ ಗೊತ್ತಾಯಿತು, ಪ್ರತಿ ಸಲವೂ ಅವರ ಎಡಗೈ ತಾನಾಗಿ ಲಿವರ್ ಕಡೆ ಹೋಗಿ ವಾಪಸು ಬರುತ್ತಿತ್ತು.

ಇನ್ನು ನಿನ್ನೆ ಬೆಳಿಗ್ಗೆಯ ವಿಷಯ. ಷೆಡ್ಡಿನಲ್ಲಿ ನಿಂತ ಪ್ರತಿ ಗಾಡಿಯ ಎಣ್ಣೆಯನ್ನೂ, ಹಲ್ಲುಜ್ಜಿದ ಕೂಡಲೆ, ತಣ್ಣಗಿರುವಾಗಲೇ ಅಳತೆ ಕಡ್ಡಿ ಎಳೆದು ನೋಡುವುದು ಅಪ್ಪನ ಅಭ್ಯಾಸವಲ್ಲವೇ. ನಿನ್ನ ಕಾರಿನ ಗೇರ್‌ಬಾಕ್ಸಿನದನ್ನೂ ಎಳೆದರು. ಎಣ್ಣೆ ಗೆರೆ ದಾಟಿ ಎರಡು ಬೆರಳು ಮೇಲಿತ್ತು. ಹಿಂದಿನ ಸಂಜೆ ಡಾಕ್ಟರರೇ ಎಂಜಿನ್ ಓಡಿಸಿ, ಬಿಸಿಯಲ್ಲಿ ನೋಡಿ, ಗೆರೆಗೆ ಸರಿಯಾಗಿ ನಿಲ್ಲಿಸಿ ಹೋದ ಎಣ್ಣೆ ಅದು. ಅಪ್ಪ ಕಡ್ಡಿ ಒರೆಸಿ, ಇಳಿಸಿ, ಮತ್ತೆ ಎಳೆದು ನೋಡಿದರು. ನಿನ್ನ ನೋಟ್‌ಬುಕ್ ತರಿಸಿ, ಎರಡು ಗೆರೆ ಎಳೆದು ನೀನು ಬರೆದಿದ್ದನ್ನು ಗಟ್ಟಿಯಾಗಿ ಓದಿದರು: ‘ಎಂಜಿನ್ ಓಡುತ್ತಿರುವಾಗ ಮಾತ್ರ ಎಣ್ಣೆ ನೋಡಬೇಕು. ನಿಲ್ಲಿಸಿದರೆ ಮೇಲಿರುವ ಎಣ್ಣೆಯೆಲ್ಲ ಕೆಳಗಿಳಿದು, ಇರುವುದಕ್ಕಿಂತ ಹೆಚ್ಚು ತೋರಿಸುತ್ತದೆ.’ ಆಮೇಲೆ ಬೆಂಚಿನ ಕೆಳಗೆ ಬಗ್ಗಿ ಒಂದು ಕ್ಯಾನು ಎಳೆದರು. ಅಪ್ಪ ಏನನ್ನೂ ಎಸೆಯುವವರಲ್ಲ. ಒಳಗೆ ಕೆಂಪಗೆ, ಹೊಚ್ಚ ಹೊಸ ಎಣ್ಣೆ. ಅಳತೆಯ ಜಗ್ಗಿಗೆ ಸುರಿದರು. ಒಂದೂವರೆ ಲೀಟರ್.

ಟ್ರ್ಯಾಕಿಗೆ ಹೋಗುವ ಮುಂಚಿನ ಮೂರು ಬೆಳಿಗ್ಗೆ, ನೀನು ಏಳುವ ಮೊದಲು, ಮಗಳು ಅವಸರದಲ್ಲಿ ಜಾಸ್ತಿ ತುಂಬಿದ್ದಾಳೆ, ಹೇಳಿದರೆ ಮುನಿಸಿಕೊಳ್ಳುತ್ತಾಳೆ ಎಂದು ಅವರೇ ದಿನಕ್ಕೆ ಅರ್ಧ ಲೀಟರ್ ಹೀರಿ ತೆಗೆದಿದ್ದರು, ಅಕ್ಕಾ. ತೆಗೆದದ್ದು ಹೆಚ್ಚಿನ ಎಣ್ಣೆ ಎಂದೇ ನಂಬಿದ್ದರಿಂದ ಸೋರಿಕೆ ಹುಡುಕುವಾಗಲೂ ಅದನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ. ತೆಗೆದದ್ದು ನಿನ್ನ ಗಾಡಿ ಚೆನ್ನಾಗಿ ಓಡಲಿ ಅಂತ.

ನಿನ್ನೆ ರಾತ್ರಿ ಊಟಕ್ಕೆ ಕೂತಾಗ ಅಮ್ಮ ‘ಅವಳಿಗೊಂದು ಫೋನು ಮಾಡಿ’ ಎಂದರೆ, ‘ಫೋನಲ್ಲಿ ಹೇಳೋ ಮಾತಲ್ಲ ಅದು’ ಎಂದರು. ಇವತ್ತು ಬೆಳಿಗ್ಗೆ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡಿದ್ದಾರೆ. ನಿನ್ನಲ್ಲಿಗೆ ಆರು ಗಂಟೆಯ ದಾರಿ, ನಿನ್ನ ಕಾರಿನಲ್ಲೇ ಬರುತ್ತಿದ್ದಾರೆ. ಈ ಕಾಗದವನ್ನೂ ಅವರೇ ತರುತ್ತಾರೆ, ಒಳಗೇನಿದೆ ಎಂದು ಕೇಳಿಲ್ಲ. ಏನು ಹೇಳಬೇಕೆಂದು ಕನ್ನಡಿಯ ಮುಂದೆ ಎರಡು ಸಲ ಅಭ್ಯಾಸ ಮಾಡಿದ್ದನ್ನು ನಾನೇ ಕೇಳಿದ್ದೇನೆ. ನಿನ್ನ ಎದುರು ಬಂದಾಗ ಅದರಲ್ಲಿ ಅರ್ಧವೂ ಬಾಯಿಗೆ ಬರುವುದಿಲ್ಲ, ಬಂದಷ್ಟಕ್ಕೆ ಪಾಸು ಮಾಡು. ನಿನ್ನ ಲೆಕ್ಕ ತಪ್ಪಿರಲಿಲ್ಲ ಎನ್ನುವುದನ್ನು ಮಾತ್ರ ಅವರಿಂದ ಪೂರ್ತಿ ಕೇಳಿಸಿಕೊ. ಆಮೇಲೆ ಕುರ್ಚಿ ಬೇಕೋ ಸ್ಪ್ಯಾನರು ಬೇಕೋ, ನಿನ್ನ ಬೆನ್ನನ್ನೇ ಕೇಳು.

ಅಮ್ಮ ನಿನ್ನ ತಲೆ ನೇವರಿಸಿದ್ದೇನೆ ಎಂದು ಬರೆಯಲು ಹೇಳಿದ್ದಾಳೆ. ನೇವರಿಸಿದ್ದಾಳೆ, ನಿನ್ನ ತಲೆ ಇಲ್ಲದ್ದರಿಂದ ನನ್ನದನ್ನು.

ಇಂತಿ ನಿನ್ನ,
ಮಾತಿನ ಮಲ್ಲ ತಮ್ಮ

ತಾ.ಕ.: ಅಪ್ಪ ಕೆಳಗೆ ಹಾರ್ನ್ ಹೊಡೆಯುತ್ತಿದ್ದಾರೆ, ಬೇಗ ಬರೆಯುತ್ತೇನೆ. ಆ ಮೂರೂ ಬೆಳಿಗ್ಗೆ ಟಾರ್ಚ್ ಹಿಡಿದು ನಿಂತಿದ್ದವನು ನಾನು. ‘ಜಾಸ್ತಿ ಇದೆ ಅಲ್ವೇನೋ?’ ಎಂದು ಕೇಳಿದ್ದರು. ಎಂಜಿನ್ ಓಡಿಸಿ ನೋಡಬೇಕೆಂದು ನೀನು ನನಗೆ ಎರಡು ಸಲ ಹೇಳಿದ್ದೆ, ನೆನಪಿತ್ತು. ಬೆಳಿಗ್ಗೆ ಬೆಳಿಗ್ಗೆ ಅವರ ಹತ್ತಿರ ವಾದ ಯಾಕೆ ಎಂದು ‘ಹೌದಪ್ಪ’ ಅಂದೆ. ಟ್ರ್ಯಾಕಿನಲ್ಲಿ ಅವರು ನಿನ್ನನ್ನು ಬೈಯುವಾಗಲೂ ನನಗೆ ಅನುಮಾನ ಬಂದಿತ್ತು, ಆಗಲೂ ಸುಮ್ಮನಿದ್ದೆ. ತಪ್ಪೆಲ್ಲ ತಮ್ಮೊಬ್ಬರದೇ ಎಂದುಕೊಂಡು ಅಪ್ಪ ಹೊರಟಿದ್ದಾರೆ. ಈಗ ಇಳಿದು ಹೋಗಿ ಅವರಿಗೆ ಹೇಳಬೇಕೆಂದಿದ್ದೇನೆ. ಕಾರಿನಿಂದ ಇಬ್ಬರು ಇಳಿದಿದ್ದರೆ ಹೇಳಿದ್ದೇನೆ ಎಂದುಕೊ. ಅಪ್ಪ ಒಬ್ಬರೇ ಬಂದಿದ್ದರೆ, ಓದಿದ ಮೇಲೆ ಇದನ್ನು ಅವರ ಕೈಗೆ ಕೊಡು.