ಹಳೆಯ ಕೊಕ್ಕೆ ಹುಡುಕಬೇಡಿ, ಮಾವ

ಮಾವ,

ಗಾಡಿ ಎಳೆಯುವ ನಮ್ಮ ಲಾರಿಯ ವಿಂಚ್ ಕೇಬಲ್ಲಿನ ತುದಿಯಲ್ಲಿದ್ದ ನಿಮ್ಮ ಹಳೆಯ ಕೊಕ್ಕೆಯನ್ನು ಬೆಳಿಗ್ಗೆಯೇ ಗುಜರಿಯವನಿಗೆ ಕೊಟ್ಟುಬಿಟ್ಟೆ. ಲಾರಿಗೆ ಹೊಸ ಗಾಜು ಹಾಕಿಸಲು ಗ್ಯಾರೇಜಿಗೆ ಹೊರಟಿದ್ದೇನೆ. ಬೈಯುವುದಿದ್ದರೆ ಸಂಜೆ ಬೈಯಿರಿ, ಕೇಳಿಸಿಕೊಳ್ಳುತ್ತೇನೆ.

ಸೋಮವಾರ ಹೊಳೆಯ ಮರಳಿನಲ್ಲಿ ಹೂತಿದ್ದ ಜೀಪನ್ನು ಎಳೆಯುವಾಗ ಕೊಕ್ಕೆ ಕಳಚಿ, ನನ್ನ ಕಿವಿಯ ಪಕ್ಕದಲ್ಲೇ ಹಾರಿ ಲಾರಿಯ ಗಾಜು ಒಡೆಯಿತು. ಆಮೇಲೂ ನೀವು, "ಮೂವತ್ತು ವರ್ಷದಿಂದ ಇದ್ರಲ್ಲೇ ಎಳೀತಿದ್ದೀನಿ, ಏನೂ ಆಗಿಲ್ಲ" ಅಂದಿರಿ. ಅದರ ಬಾಯಿಗೆ ಅಡ್ಡವಿರಬೇಕಾದ ಪಟ್ಟಿ ಮುರಿದು ಎಷ್ಟು ಕಾಲವಾಗಿತ್ತು, ನೀವೇ ಹೇಳಿ.

ಈಗ ಬಾಯಿ ಪೂರ್ತಿ ಮುಚ್ಚುವ, ಪಿನ್ನು ತಿರುಗಿಸಿ ಬಿಗಿಯುವ ಶ್ಯಾಕಲ್ ಕೊಂಡಿ ಹಾಕಿದ್ದೇನೆ. ಎಷ್ಟು ಟನ್ ತಡೆಯುತ್ತದೆಂದು ಅದರ ಮೈಮೇಲೇ ಅಚ್ಚೊತ್ತಿದೆ. ಕನ್ನಡಕ ಹಾಕಿಕೊಂಡು ಓದಿ.

ಯಾರಾದರೂ ಫೋನ್ ಮಾಡಿದರೆ ಗಾಡಿಯ ತೂಕ ಕೇಳಿ ಬರೆದಿಡಿ. ಬಂಪರಿಗೆ ಕಟ್ಟಿ ಎಳೆಯಿರಿ ಅಂದರೆ ಒಪ್ಪಬೇಡಿ. ಗಾಡಿಯ ಅಡಿಯ ಚೌಕಟ್ಟಿಗೆ, ಅಂದರೆ ಚಾಸಿಗೆ, ಗಟ್ಟಿಯಾಗಿ ಕೂರಿಸಿದ ಕೊಂಡಿ ಇದ್ದರಷ್ಟೇ ಬರುತ್ತೇವೆ ಅನ್ನಿ. ಎಳೆಯುವಾಗ ಕೇಬಲ್ ಕಡಿದರೂ ಚಿಮ್ಮದಂತೆ ಅದರ ಮೇಲೆ ಹೊದಿಸಲು ನಿಮ್ಮ ದಪ್ಪ ಕಂಬಳಿಯನ್ನು ತೆಗೆದುಕೊಂಡಿದ್ದೇನೆ. ಅದನ್ನೂ ಕೇಳಬೇಡಿ.

ನಾಳೆಯಿಂದ ಕೇಬಲ್ ಸಿಕ್ಕಿಸುವುದು ನಾನು, ಕೇಬಲ್ ಸುತ್ತುವ ವಿಂಚ್ ನಡೆಸುವುದು ನೀವು. ಇದರಲ್ಲಿ ಚರ್ಚೆಯಿಲ್ಲ.

ಅವತ್ತು ನೀವು ಹೆದರಿದ್ದನ್ನು ಅತ್ತೆಗೆ ಹೇಳಿಲ್ಲ. ನಾನೂ ಹೆದರಿದ್ದೆ.

ನಿಮ್ಮ ಸೊಸೆ