ಅತ್ತೆಯ ವಿಮಾನ, ಫ್ಲಾಯ್ಡನ ಡ್ರೋನ್

ಜೂನ್ 14, ಶನಿವಾರ. ಬಯಾನ್ ಲೆಪಾಸ್.

ಆ ವಿಮಾನದ ಹೊಟ್ಟೆ ಇನ್ನೂ ಕಣ್ಣೆದುರಿಗೇ ಇದೆ.

ಮಂಗಳೂರಿನಿಂದ ಅತ್ತೆ ಈ ಪರದೇಶದ ನಮ್ಮ ಮನೆಗೆ ಬರುವವರಿದ್ದರು. ಅವರ ವಿಮಾನ ಇಳಿಯುವುದನ್ನು ಹೊಸ ಡ್ರೋನಿನಲ್ಲಿ ಚಿತ್ರೀಕರಿಸಿ ತೋರಿಸುತ್ತೇನೆಂದು ನನ್ನ ಗಂಡ ಫ್ಲಾಯ್ಡ್ ಸಂಜೆ ನನ್ನನ್ನೂ ನಾವಿರುವ ಕಾಂಡೋ ಅಪಾರ್ಟ್‌ಮೆಂಟಿನ ತಾರಸಿಗೆ ಕರೆದೊಯ್ದ. ಡ್ರೋನ್ ಮೇಲೇಳಲೇ ಇಲ್ಲ. ಏರ್‌ಪೋರ್ಟ್ ಹತ್ತಿರ ಹಾರಿಸುವಂತಿಲ್ಲ ಎಂದು ಫೋನಿನಲ್ಲಿ ಎಚ್ಚರಿಕೆ ಬಂತು.

"ಇದನ್ನು ತಪ್ಪಿಸ್ಲಿಕ್ಕೆ ಒಂದು ಟ್ರಿಕ್ ಉಂಟು," ಎಂದ.

"ಎಂತ ಮಾರಾಯ, ಆ ವಿಮಾನದಲ್ಲಿ ಬರುವುದು ನಿನ್ನ ಮಮ್ಮಿ ಅಲ್ವಾ?"

ಅವನು ಡ್ರೋನಿನ ಬ್ಯಾಟರಿ ತೆಗೆದ. ಅಷ್ಟರಲ್ಲಿ ವಿಮಾನ ನಮ್ಮೆದುರೇ ತಗ್ಗಿ ಹಾದುಹೋಯಿತು. ಕಿಟಕಿಗಳೆಲ್ಲ ಬಿಡಿಬಿಡಿಯಾಗಿ ಕಂಡವು. ಇಷ್ಟು ಹತ್ತಿರ ಬರುತ್ತದೆಂದು ನಾವಿಬ್ಬರೂ ಎಣಿಸಿರಲಿಲ್ಲ. ಫ್ಲಾಯ್ಡ್ ಡ್ರೋನನ್ನು ಪೆಟ್ಟಿಗೆಗೆ ಹಾಕಿ ಮುಚ್ಚಿದ.

ಏರ್‌ಪೋರ್ಟಿನಿಂದ ಅತ್ತೆಯನ್ನು ಕರೆತಂದು ರಾತ್ರಿ ಊಟಕ್ಕೆ ಕೂತಾಗ ಅವನೇ ಅವರಿಗೆ ಎಲ್ಲ ಹೇಳಿಬಿಟ್ಟ. ಅತ್ತೆ ಬೈಯುತ್ತಾರೆ ಅಂದುಕೊಂಡೆ. ಅವರು ಡ್ರೋನನ್ನು ಅಂಗೈಯಲ್ಲಿಟ್ಟು ತಿರುಗಿಸಿ ನೋಡಿದರು.

"ನಾನು ಕಿಟಕಿ ಹತ್ತಿರವೇ ಕೂತಿದ್ದೆ. ಇದು ಎದುರು ಬಂದಿದ್ರೂ ನನಗೆ ಕಾಣ್ತಿರ್ಲಿಲ್ಲ ಮಗಾ," ಎಂದರು. ಆಮೇಲೆ ಅದನ್ನು ಮೇಜಿನ ಮೇಲಿಟ್ಟು, "ಹಾರಿಸ್ಲಿಕ್ಕೆ ಬಿಡುವ ಜಾಗ ಎಲ್ಲುಂಟು? ನಾಳೆ ಕರ್ಕೊಂಡು ಹೋಗು, ನಾನೂ ನೋಡ್ಬೇಕು."

ಮೂವರೂ ಮ್ಯಾಪ್ ತೆರೆದು ಕೂತೆವು. ನಾವು ಮಲಗಿ ಏಳುವ ಈ ಮನೆ ಡ್ರೋನ್ ಹಾರಿಸುವಂತಿಲ್ಲದ ಅಷ್ಟು ದೊಡ್ಡ ಕೆಂಪು ವೃತ್ತದೊಳಗಿದೆ ಎಂದು ಇಷ್ಟು ವರ್ಷ ಗೊತ್ತೇ ಇರಲಿಲ್ಲ. ತಲೆಯ ಮೇಲೆ ನಮಗೆ ಕಾಣದ ಇಂಥ ಗೆರೆಗಳು ಇನ್ನೂ ಎಷ್ಟಿವೆಯೋ...